ತನ್ನ ಪಾತ್ರವನ್ನೇ ಬಿಟ್ಟುಕೊಟ್ಟ ನಟ

ತಾನೇ ಬರೆದುಕೊಂಡ ಪಾತ್ರವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಯಾವ ನಟನಿಗೂ ಸುಲಭದ ಮಾತಲ್ಲ. ಆ ಪಾತ್ರದಲ್ಲಿರುವುದು ತನ್ನದೇ ಬದುಕಾದರೆ ಕೇಳುವುದೇ ಬೇಡ. ಅಮೆರಿಕದ ಕಾರ್ಲ್ ರೈನರ್ ಅದನ್ನು ಮಾಡಿದರು. ಟೆಲಿವಿಷನ್ ಹಾಸ್ಯ ಧಾರಾವಾಹಿಗಳಿಗೆ ಅದರಿಂದ ಒಂದು ಹೊಸ ದಾರಿಯೇ ಸಿಕ್ಕಿತು.

ರೈನರ್ ಹುಟ್ಟಿದ್ದು 1922ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮಗನೂ ಹದಿಹರೆಯದಲ್ಲೇ ಹೊಲಿಗೆ ಯಂತ್ರ ರಿಪೇರಿಯ ಕೆಲಸಕ್ಕೆ ಸೇರಿದ್ದ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಸರ್ಕಾರ ಉಚಿತ ನಾಟಕ ತರಗತಿ ನಡೆಸುತ್ತಿದೆ ಎಂಬ ಸುದ್ದಿ ತಂದವರು ಅಣ್ಣ ಚಾರ್ಲಿ. ರೈನರ್ ನಟರಾದದ್ದು ಹೀಗೆ.

1950ರಲ್ಲಿ ಅವರು ಸಿಡ್ ಸೀಸರ್ ಅವರ 'ಯುವರ್ ಶೋ ಆಫ್ ಶೋಸ್' ತಂಡ ಸೇರಿದರು. ಶನಿವಾರ ರಾತ್ರಿ ಒಂದೂವರೆ ಗಂಟೆ ನೇರ ಪ್ರಸಾರವಾಗುತ್ತಿದ್ದ ಹಾಸ್ಯ ಕಾರ್ಯಕ್ರಮವದು. ರೈನರ್‌ಗೆ ಸಂಬಳವಿದ್ದದ್ದು ನಟನೆಗೆ; ಆದರೆ ಮೆಲ್ ಬ್ರೂಕ್ಸ್‌ರಂಥ ಬರಹಗಾರರು ಕೂಗಾಡುತ್ತ ಹಾಸ್ಯ ಹೊಸೆಯುತ್ತಿದ್ದ ಕೋಣೆಯಲ್ಲಿ ಅವರೂ ಕೂರುತ್ತಿದ್ದರು. ಬರವಣಿಗೆಯ ಪಾಠ ನಡೆದದ್ದು ಅಲ್ಲಿ.

ಮುಂದೆ ಬಂದ ಅವಕಾಶಗಳ ಚಿತ್ರಕಥೆಗಳು ಹಿಡಿಸಲಿಲ್ಲ. ನೀವೇ ಇದಕ್ಕಿಂತ ಚೆನ್ನಾಗಿ ಬರೆಯಬಲ್ಲಿರಿ ಎಂದರು ಪತ್ನಿ ಎಸ್ಟೆಲ್. 1958ರ ಬೇಸಿಗೆಯಲ್ಲಿ ರೈನರ್ 13 ಕಂತುಗಳನ್ನು ಬರೆದರು. ಟೆಲಿವಿಷನ್‌ಗೆ ಹಾಸ್ಯ ಬರೆಯುವವನೊಬ್ಬ, ನ್ಯೂ ರೊಷೆಲ್ ಊರಿನಲ್ಲಿ ಅವನ ಮನೆ, ಹೆಂಡತಿ, ಮಗ: ಇದು ಅವರದೇ ಸಂಸಾರ. ಅಂದಿನ ಧಾರಾವಾಹಿಗಳಲ್ಲಿ ಗಂಡ ಸಂಜೆ ಮನೆಗೆ ಬರುತ್ತಿದ್ದ. ಹಗಲೆಲ್ಲ ಏನು ಮಾಡಿದ ಎಂಬುದು ಹೆಚ್ಚಾಗಿ ತಿಳಿಯುತ್ತಿರಲಿಲ್ಲ. ರೈನರ್ ಮನೆಯನ್ನೂ ಕಚೇರಿಯನ್ನೂ ಒಂದೇ ಕಥೆಯೊಳಗೆ ತಂದರು.

ತಾವೇ ನಾಯಕನಾಗಿ ತಯಾರಿಸಿದ ಮಾದರಿ ಕಂತು 1960ರಲ್ಲಿ ಪ್ರಸಾರವಾಯಿತಾದರೂ ಧಾರಾವಾಹಿಯಾಗಿ ಮುಂದುವರಿಯಲಿಲ್ಲ. ಆಗ ಕೈಹಿಡಿದವರು ನಿರ್ಮಾಪಕ ಷೆಲ್ಡನ್ ಲಿಯೊನಾರ್ಡ್. ಅವರೂ ಒಂದು ಕಾಲದಲ್ಲಿ ನಟರೇ. ಬರವಣಿಗೆ ಸರಿಯಿದೆ, ನಾಯಕ ಬದಲಾಗಬೇಕು ಎಂಬುದು ಅವರ ಸಲಹೆ. ರೈನರ್ ನೊಂದಿರಲೂಬಹುದು, ಆದರೆ ಒಪ್ಪಿದರು. ಬ್ರಾಡ್‌ವೇ ರಂಗಭೂಮಿಯಿಂದ ಡಿಕ್ ವ್ಯಾನ್ ಡೈಕ್ ಬಂದರು. ಹೆಂಡತಿಯ ಪಾತ್ರ ಮೇರಿ ಟೈಲರ್ ಮೂರ್ ಅವರಿಗೆ ಸಿಕ್ಕಿತು.

1961ರ ಅಕ್ಟೋಬರ್ 3ರಂದು 'ದ ಡಿಕ್ ವ್ಯಾನ್ ಡೈಕ್ ಶೋ' ಆರಂಭವಾಯಿತು. ಮೊದಲ ವರ್ಷ ನೋಡುಗರೇ ಕಡಿಮೆ. ನಿಂತೇಹೋಗಲಿದ್ದ ಧಾರಾವಾಹಿಯನ್ನು ಲಿಯೊನಾರ್ಡ್ ಪ್ರಾಯೋಜಕರ ಬೆನ್ನುಬಿದ್ದು ಉಳಿಸಿದರು. ಮುಂದೆ ಅದು 1966ರವರೆಗೆ 158 ಕಂತು ನಡೆಯಿತು. ಬರವಣಿಗೆಗಾಗಿ ರೈನರ್‌ಗೆ 1962ರಿಂದ ಸತತ ಮೂರು ವರ್ಷ ಎಮ್ಮಿ ಪ್ರಶಸ್ತಿ ಬಂತು. ಆಯಾ ಕಾಲದ ಬೀದಿಮಾತು ಸಂಭಾಷಣೆಯಲ್ಲಿ ನುಸುಳದಂತೆ ಅವರು ಎಚ್ಚರ ವಹಿಸಿದ್ದರು. ಹೀಗಾಗಿ ಆ ಹಾಸ್ಯ ಬೇಗ ಹಳತಾಗಲಿಲ್ಲ.

ಅವರೊಳಗಿನ ನಟನೂ ಪೂರ್ತಿ ಸುಮ್ಮನಾಗಲಿಲ್ಲ. ನಾಯಕನನ್ನು ಗದರಿಸುವ ಯಜಮಾನ ಅಲನ್ ಬ್ರೇಡಿಯ ಪಾತ್ರವನ್ನು ರೈನರ್ ತಾವೇ ವಹಿಸಿಕೊಂಡರು. ಆರಂಭದ ಕಂತುಗಳಲ್ಲಿ ಆತನ ದನಿ ಕೇಳುತ್ತಿತ್ತು, ಬೆನ್ನು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. 2020ರ ಜೂನ್‌ನಲ್ಲಿ ರೈನರ್ ತೀರಿಕೊಂಡಾಗ ಅವರಿಗೆ 98 ವರ್ಷ. ಅವರ ಸಂಸಾರದ ಕಥೆಯನ್ನು ಜನ ಇಂದಿಗೂ ನೆನೆಯುವುದು ವ್ಯಾನ್ ಡೈಕ್ ಅವರ ಹೆಸರಿನಲ್ಲಿ.