ಒಂದೇ ಮನೆಯಲ್ಲಿ ಒಬ್ಬರಿಗೆ ಸಾದಾ ಜ್ವರ, ಇನ್ನೊಬ್ಬರಿಗೆ ಐಸಿಯು: ಡೆಂಗಿ ತೀವ್ರತೆಗೆ ವಂಶವಾಹಿ ಕಾರಣವೇ?

ಹೇಳಿಕೆ: “ನಮ್ಮ ವಂಶದಲ್ಲಿ ಯಾರಿಗೂ ಡೆಂಗಿ ಜೋರಾಗಿಲ್ಲ, ನಮಗೂ ಆಗಲ್ಲ. ಎಲ್ಲ ಜೀನ್ಸ್‌ನಲ್ಲೇ ಇರುತ್ತೆ.”

ನಮ್ಮ ಉತ್ತರ: ಅರ್ಧ ಸತ್ಯ. ವಂಶವಾಹಿಯ ಪಾತ್ರ ಇದೆ, ಆದರೆ ಸಣ್ಣದು. ಅದನ್ನು ನಂಬಿ ಜ್ವರವನ್ನು ಕಡೆಗಣಿಸುವುದು ಅಪಾಯ.

2024ರ ಮಳೆಗಾಲದಲ್ಲಿ ಹಾಸನ ಜಿಲ್ಲೆಯಿಂದ ಡೆಂಗಿ ಸಾವಿನ ಸುದ್ದಿಗಳು ಬಂದವು. ಮೃತರಲ್ಲಿ ಮಕ್ಕಳೂ ಇದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲೇ ಆಗಲಿ, ಮನೆಯವರನ್ನು ಕಾಡುವ ಪ್ರಶ್ನೆ ಒಂದೇ: ಅದೇ ಮನೆ, ಅದೇ ನೀರಿನ ತೊಟ್ಟಿ, ಅದೇ ಸೊಳ್ಳೆ. ಅಣ್ಣನಿಗೆ ನಾಲ್ಕು ದಿನದ ಜ್ವರ, ತಂಗಿಗೆ ಯಾಕೆ ಐಸಿಯು?

ವಂಶವಾಹಿಯ ಪಾತ್ರ ಎಷ್ಟು?

ಡೆಂಗಿ ತೀವ್ರವಾದಾಗ ರಕ್ತನಾಳಗಳಿಂದ ದ್ರವ ಸೋರಿ, ರಕ್ತದೊತ್ತಡ ಕುಸಿಯುತ್ತದೆ. ಇದೇ ಡೆಂಗಿ ಶಾಕ್. ವಿಯೆಟ್ನಾಂನಲ್ಲಿ ಈ ಸ್ಥಿತಿ ತಲುಪಿದ 2,000ಕ್ಕೂ ಹೆಚ್ಚು ಮಕ್ಕಳ ವಂಶವಾಹಿಗಳನ್ನು ಇತರರೊಂದಿಗೆ ಹೋಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎಂಐಸಿಬಿ ಮತ್ತು ಪಿಎಲ್‌ಸಿಇ1 ಎಂಬ ಎರಡು ವಂಶವಾಹಿಗಳಲ್ಲಿ ವ್ಯತ್ಯಾಸ ಕಂಡಿತು. ಮೊದಲನೆಯದು, ವೈರಸ್ ಹೊಕ್ಕ ಜೀವಕೋಶವನ್ನು ಗುರುತಿಸಲು ನಮ್ಮ ರಕ್ಷಣಾ ಕೋಶಗಳಿಗೆ ನೆರವಾಗುತ್ತದೆ. ಅದರ ಒಂದು ರೂಪ ಇದ್ದವರಲ್ಲಿ ಶಾಕ್‌ನ ಸಾಧ್ಯತೆ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚಿತ್ತು. ಹೆಚ್ಚಿತ್ತು ನಿಜ, ಆದರೆ ಇದೊಂದೇ ಹಣೆಬರಹ ಅಲ್ಲ. ಆ ರೂಪ ಇದ್ದ ಎಷ್ಟೋ ಮಂದಿಗೆ ಶಾಕ್ ಆಗುವುದಿಲ್ಲ, ಇಲ್ಲದವರಿಗೂ ಆಗಬಹುದು. ಒಡಹುಟ್ಟಿದವರಲ್ಲೂ ಎಲ್ಲ ವಂಶವಾಹಿ ಒಂದೇ ತೆರ ಇರುವುದಿಲ್ಲ.

ಅದಕ್ಕಿಂತ ದೊಡ್ಡ ಕಾರಣ

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದರ ವಿರುದ್ಧ ದೀರ್ಘಕಾಲ ರಕ್ಷಣೆ ಸಿಗುತ್ತದೆ. ಮುಂದೆ ಬೇರೆ ಬಗೆ ಬಂದಾಗ ಮಾತ್ರ ಹಳೆಯ ಪ್ರತಿಕಾಯಗಳು ಅದನ್ನು ತಡೆಯುವ ಬದಲು ಜೀವಕೋಶದೊಳಗೆ ಹೋಗಲು ದಾರಿ ಮಾಡಿಕೊಡಬಹುದು. ಹಾಗಾಗಿ ಎರಡನೇ ಸಲದ ಡೆಂಗಿ ತೀವ್ರವಾಗುವ ಸಾಧ್ಯತೆ ಹೆಚ್ಚು.

ಇಲ್ಲೇ ಆ ಫಾರ್ವರ್ಡ್‌ನ ಅಪಾಯ ಇರುವುದು. ಡೆಂಗಿ ತಗುಲಿದ ಬಹುತೇಕರಿಗೆ ಲಕ್ಷಣವೇ ಇರುವುದಿಲ್ಲ, ಇಲ್ಲವೇ ಸಾದಾ ಜ್ವರ ಬಂದು ಹೋಗುತ್ತದೆ. “ನಮಗೆ ಯಾವತ್ತೂ ಬಂದಿಲ್ಲ” ಎನ್ನುವವರಿಗೆ ಗೊತ್ತಿಲ್ಲದೆಯೇ ಒಂದು ಸಲ ಬಂದು ಹೋಗಿರಬಹುದು. ಮುಂದಿನದು ಅವರಿಗೆ ಎರಡನೆಯದು!

ಏನು ಗಮನಿಸಬೇಕು?

ಜ್ವರ ಇಳಿದ ಕೂಡಲೇ ನಿರಾಳರಾಗಬೇಡಿ. ಡೆಂಗಿಯಲ್ಲಿ ಅಪಾಯದ ಘಟ್ಟ ಶುರುವಾಗುವುದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೇ. ಈ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ:

• ತೀವ್ರ ಹೊಟ್ಟೆನೋವು
• ನಿಲ್ಲದ ವಾಂತಿ
• ಮೂಗು ಅಥವಾ ಒಸಡಿನಲ್ಲಿ ರಕ್ತ
• ಉಸಿರಾಟದ ತೊಂದರೆ
• ವಿಪರೀತ ಸುಸ್ತು, ಮಂಕು ಅಥವಾ ಚಡಪಡಿಕೆ
• ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು

ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ಬೇಡ, ರಕ್ತಸ್ರಾವ ಹೆಚ್ಚಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಅನ್ನು ವೈದ್ಯರು ಹೇಳಿದ ಪ್ರಮಾಣದಲ್ಲೇ ಕೊಡಿ.

ತೀರ್ಮಾನ

ಡೆಂಗಿ ಯಾರಿಗೆ ತೀವ್ರವಾಗುತ್ತದೆ ಎಂದು ವಂಶ ನೋಡಿ ಹೇಳಲಾಗದು. ವಂಶವಾಹಿಯನ್ನು ನಾವು ಬದಲಿಸಲೂ ಆಗದು. ತೊಟ್ಟಿ, ಡ್ರಮ್ಮಿಗೆ ಮುಚ್ಚಳ ಹಾಕುವುದು, ವಾರಕ್ಕೊಮ್ಮೆ ಉಜ್ಜಿ ತೊಳೆಯುವುದು, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋಗುವುದು ನಮ್ಮ ಕೈಯಲ್ಲಿದೆ. ಫಾರ್ವರ್ಡ್ ಮಾಡುವುದಾದರೆ ಮೇಲಿನ ಲಕ್ಷಣಗಳ ಪಟ್ಟಿಯನ್ನು ಮಾಡಿ.