ಭಾರತೀಯ ರೈಲ್ವೆಯ ಪ್ರಯಾಣ ದರ

ಭಾರತೀಯ ರೈಲ್ವೆಯ ಪ್ರಯಾಣ ದರವು ಪ್ರಯಾಣದ ದೂರ, ದರ್ಜೆ ಮತ್ತು ರೈಲಿನ ವಿಧವನ್ನು ಅವಲಂಬಿಸಿ ನಿಗದಿಯಾಗುವ ಶುಲ್ಕವಾಗಿದೆ. ಕಿಲೋಮೀಟರಿನ ಲೆಕ್ಕದಲ್ಲಿ ನೋಡಿದರೆ ಇದು ಜಗತ್ತಿನ ಅಗ್ಗದ ರೈಲು ದರಗಳಲ್ಲಿ ಒಂದು. ಪ್ರಯಾಣಿಕ ಸೇವೆಯಿಂದಾಗುವ ನಷ್ಟವನ್ನು ರೈಲ್ವೆಯು ಬಹುಮಟ್ಟಿಗೆ ಸರಕು ಸಾಗಣೆಯ ಆದಾಯದಿಂದ ತುಂಬಿಕೊಳ್ಳುತ್ತದೆ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ. 57ರಷ್ಟು ಮಾತ್ರ ವಸೂಲಾಗುತ್ತದೆ ಎಂಬ ಸಾಲನ್ನು 2016ರಲ್ಲಿ ಟಿಕೆಟ್‌ಗಳ ಮೇಲೆಯೇ ಮುದ್ರಿಸಲಾರಂಭಿಸಿತು. ಆದರೂ ರೈಲು ಪ್ರಯಾಣ ದುಬಾರಿಯಾಗಿದೆ ಎಂಬ ದೂರು ವ್ಯಾಪಕವಾಗಿದೆ. ದರಪಟ್ಟಿಯಲ್ಲಿರುವ ಅಗ್ಗದ ದರಕ್ಕೆ ಬೇಕಾದ ದಿನ ಆಸನ ಸಿಗದಿರುವುದು ಇದಕ್ಕೆ ಮುಖ್ಯ ಕಾರಣ. ಆಸನ ಸಿಗದವರು ತತ್ಕಾಲ್, ವಿಶೇಷ ರೈಲು ಅಥವಾ ಮೇಲಿನ ದರ್ಜೆಗೆ ಹೋಗಬೇಕಾಗುತ್ತದೆ. ಹಣ ಹೆಚ್ಚಾಗಿ ಖರ್ಚಾಗುವುದು ಅಲ್ಲಿಯೇ.

ದರದ ರಚನೆ

ಟಿಕೆಟ್‌ನ ಮೊತ್ತದಲ್ಲಿ ಮೂಲ ದರದ ಜೊತೆಗೆ ಕಾಯ್ದಿರಿಸುವ ಶುಲ್ಕ (ಸ್ಲೀಪರ್‌ಗೆ ರೂ. 20, ಹವಾನಿಯಂತ್ರಿತ ಮೂರನೇ ದರ್ಜೆಗೆ ರೂ. 40), ಸೂಪರ್‌ಫಾಸ್ಟ್ ರೈಲಾದರೆ ಅದರ ಅಧಿಕ ಶುಲ್ಕ (ಸ್ಲೀಪರ್‌ಗೆ ರೂ. 30, ಮೂರನೇ ಎ.ಸಿ.ಗೆ ರೂ. 45) ಸೇರಿರುತ್ತವೆ. ಹವಾನಿಯಂತ್ರಿತ ದರ್ಜೆಗಳಿಗೆ ಮತ್ತು ಪ್ರಥಮ ದರ್ಜೆಗೆ ಶೇ. 5 ಸರಕು ಮತ್ತು ಸೇವಾ ತೆರಿಗೆ ಇದೆ. ಆನ್‌ಲೈನ್ ಟಿಕೆಟ್‌ಗೆ ಅನುಕೂಲ ಶುಲ್ಕ ಪ್ರತ್ಯೇಕ. ಯುಪಿಐ ಮೂಲಕ ಪಾವತಿಸಿದರೆ ಇದು ಕಡಿಮೆ.

ಸರಾಸರಿ ವೇಗ ಗಂಟೆಗೆ 55 ಕಿ.ಮೀ. ಇದ್ದರೆ ರೈಲು ಸೂಪರ್‌ಫಾಸ್ಟ್ ಎನಿಸಿಕೊಳ್ಳುತ್ತದೆ. ಇಂದಿನ ರಸ್ತೆಗಳ ವೇಗಕ್ಕೆ ಹೋಲಿಸಿದರೆ ಈ ಹೆಸರು ಸ್ವಲ್ಪ ಉದಾರವಾದದ್ದೇ.

ಮೂಲ ದರವನ್ನು 2020ರ ಜನವರಿ 1ರಂದು ಏರಿಸಿದ ಬಳಿಕ ಐದೂವರೆ ವರ್ಷ ಮುಟ್ಟಿರಲಿಲ್ಲ. 2025ರ ಜುಲೈ 1ರಿಂದ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಸಾಮಾನ್ಯ ದರ್ಜೆಗಳಲ್ಲಿ ಕಿ.ಮೀ.ಗೆ 1 ಪೈಸೆ, ಎ.ಸಿ. ದರ್ಜೆಗಳಲ್ಲಿ 2 ಪೈಸೆ ಏರಿಸಲಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಏರಿಕೆಯಾಯಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದ ಜುಲೈ ಏರಿಕೆಯಿಂದ 500 ಕಿ.ಮೀ. ಸ್ಲೀಪರ್ ಪ್ರಯಾಣಕ್ಕೆ ಹೆಚ್ಚಾದದ್ದು 5 ರೂಪಾಯಿ. ಅದೇ ಪ್ರಯಾಣಿಕ ತತ್ಕಾಲ್‌ನಲ್ಲಿ ಟಿಕೆಟ್ ಪಡೆದರೆ ಕನಿಷ್ಠ 100 ರೂಪಾಯಿ ಹೆಚ್ಚು ತೆರುತ್ತಾನೆ.

ದೂರ ಮತ್ತು ದರ

ದೂರ ಹೆಚ್ಚಿದಂತೆ ಪ್ರತಿ ಕಿ.ಮೀ.ಗೆ ತಗಲುವ ದರ ಕಡಿಮೆಯಾಗುತ್ತ ಹೋಗುವುದು ಭಾರತದ ಪದ್ಧತಿ. ಆದ್ದರಿಂದ ಒಂದು ಪ್ರಯಾಣವನ್ನು ಎರಡು ಟಿಕೆಟ್‌ಗಳಾಗಿ ಒಡೆದರೆ ನಷ್ಟವೇ ಹೆಚ್ಚು. ಬ್ರಿಟನ್ನಿನಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಒಂದೇ ರೈಲಿನಲ್ಲಿ ಕುಳಿತಿದ್ದರೂ ಮಧ್ಯದ ನಿಲ್ದಾಣದವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಟಿಕೆಟ್ ಕೊಂಡು ಹಣ ಉಳಿಸುವ ರೂಢಿ ಇದೆ. ಅಲ್ಲಿನ ಉಪಾಯವನ್ನು ಇಲ್ಲಿ ಅನುಸರಿಸಿದರೆ ಫಲ ತಲೆಕೆಳಗಾಗುತ್ತದೆ.

ಪ್ರತಿಯೊಂದು ದರ್ಜೆಗೂ ಶುಲ್ಕ ವಿಧಿಸುವ ಕನಿಷ್ಠ ದೂರವಿದೆ: ಸ್ಲೀಪರ್‌ಗೆ 200 ಕಿ.ಮೀ., ಮೂರನೇ ಎ.ಸಿ.ಗೆ 300 ಕಿ.ಮೀ. ಬೆಂಗಳೂರಿನಿಂದ ಮೈಸೂರಿಗೆ ಇರುವ ದೂರ 138 ಕಿ.ಮೀ. ಮಾತ್ರ. ಈ ಮಾರ್ಗದಲ್ಲಿ ಸ್ಲೀಪರ್ ಟಿಕೆಟ್ ಪಡೆದವರು 200 ಕಿ.ಮೀ.ಯ, ಮೂರನೇ ಎ.ಸಿ. ಪಡೆದವರು 300 ಕಿ.ಮೀ.ಯ ಹಣ ಕೊಡುತ್ತಾರೆ. ಹತ್ತಿರದ ಊರುಗಳಿಗೆ ಎರಡನೇ ದರ್ಜೆಯ ಕೂರುವ ಆಸನವೇ ಲಾಭಕರ.

ತತ್ಕಾಲ್ ಮತ್ತು ಏರುವ ದರಗಳು

ತುರ್ತು ಪ್ರಯಾಣಿಕರಿಗಾಗಿ 1997ರಲ್ಲಿ ತತ್ಕಾಲ್ ಯೋಜನೆ ಆರಂಭವಾಯಿತು. ರೈಲು ತನ್ನ ಮೊದಲ ನಿಲ್ದಾಣದಿಂದ ಹೊರಡುವ ಹಿಂದಿನ ದಿನ ಬೆಳಿಗ್ಗೆ 10 ಗಂಟೆಗೆ ಎ.ಸಿ. ದರ್ಜೆಗಳಿಗೆ, 11 ಗಂಟೆಗೆ ಇತರ ದರ್ಜೆಗಳಿಗೆ ಮುಂಗಡ ತೆರೆಯುತ್ತದೆ. ಹೆಚ್ಚುವರಿ ಶುಲ್ಕವು ಎರಡನೇ ದರ್ಜೆಗೆ ಮೂಲ ದರದ ಶೇ. 10, ಉಳಿದವುಗಳಿಗೆ ಶೇ. 30, ಸ್ಲೀಪರ್‌ನಲ್ಲಿ ಇದು ರೂ. 100ರಿಂದ 200ರ ನಡುವೆ, ಮೂರನೇ ಎ.ಸಿ.ಯಲ್ಲಿ ರೂ. 300ರಿಂದ 400ರ ನಡುವೆ ಇರುತ್ತದೆ. ಅನೇಕರ ಗಮನಕ್ಕೆ ಬಾರದ ಇನ್ನೊಂದು ಅಂಶವೆಂದರೆ, ತತ್ಕಾಲ್‌ನಲ್ಲಿ ಸ್ಲೀಪರ್ ಮತ್ತು ಮೂರನೇ ಎ.ಸಿ.ಗಳಿಗೆ ಕನಿಷ್ಠ ದೂರ 500 ಕಿ.ಮೀ. ಎಂದು ಪರಿಗಣಿಸಲಾಗುತ್ತದೆ. ಬೆಂಗಳೂರಿನಿಂದ 300 ಕಿ.ಮೀ.ಗಿಂತ ಹತ್ತಿರವಿರುವ ಶಿವಮೊಗ್ಗಕ್ಕೆ ಹೋಗುವವರೂ 500 ಕಿ.ಮೀ.ಯ ದರ ಮತ್ತು ಅದರ ಮೇಲೆ ತತ್ಕಾಲ್ ಶುಲ್ಕ ತೆರಬೇಕು. ಖಚಿತಗೊಂಡ ತತ್ಕಾಲ್ ಟಿಕೆಟ್ ರದ್ದುಮಾಡಿದರೆ ಹಣ ಮರಳುವುದಿಲ್ಲ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾಗಿದೆ. 2014ರಲ್ಲಿ ಬಂದ ಪ್ರೀಮಿಯಂ ತತ್ಕಾಲ್‌ನಲ್ಲಿ ಆಸನಗಳು ಮಾರಾಟವಾದಂತೆ ದರವೂ ಏರುತ್ತದೆ.

ಇದೇ ತತ್ವವನ್ನು 2016ರ ಸೆಪ್ಟೆಂಬರ್ 9ರಿಂದ ರಾಜಧಾನಿ, ಶತಾಬ್ದಿ ಮತ್ತು ದುರಂತೊ ರೈಲುಗಳಿಗೆ ಅನ್ವಯಿಸಲಾಯಿತು. ಪ್ರತಿ ಶೇ. 10ರಷ್ಟು ಆಸನಗಳು ತುಂಬಿದಾಗ ಮೂಲ ದರ ಶೇ. 10ರಷ್ಟು ಏರಿ, ಒಂದೂವರೆ ಪಟ್ಟಿನವರೆಗೆ ಹೋಗಬಹುದಾಗಿತ್ತು. 2019ರಲ್ಲಿ ಕೆಲವು ರೈಲುಗಳಿಗೆ ವಿನಾಯಿತಿ ದೊರೆಯಿತು. ದರ ಏರಿಸಿದರೆ ಆದಾಯ ಏರುತ್ತದೆ ಎಂಬ ನಂಬಿಕೆ ಎಲ್ಲೆಡೆ ನಿಜವಾಗಲಿಲ್ಲ. ಚೆನ್ನೈ–ಮೈಸೂರು ಶತಾಬ್ದಿಯಲ್ಲಿ ಬೆಂಗಳೂರಿನಿಂದ ಮೈಸೂರಿನ ಭಾಗಕ್ಕೆ ಆಸನಗಳು ಖಾಲಿ ಉಳಿಯುತ್ತಿದ್ದವು. ಆ ಭಾಗದ ದರ ಇಳಿಸಿದಾಗ ಪ್ರಯಾಣಿಕರೂ ಆದಾಯವೂ ಹೆಚ್ಚಾದದ್ದು 2018ರಲ್ಲಿ ವರದಿಯಾಯಿತು.

ದಸರಾ, ದೀಪಾವಳಿಗಳಲ್ಲಿ ಓಡಿಸುವ ವಿಶೇಷ ರೈಲುಗಳಲ್ಲಿಯೂ ಸಾಮಾನ್ಯ ದರಕ್ಕಿಂತ ಹೆಚ್ಚಿನ ದರವಿರುತ್ತದೆ. ಹಬ್ಬಕ್ಕೆ ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಗೆ ಹೊರಟವರಿಗೆ ಖಾಸಗಿ ಬಸ್ಸುಗಳು ಕೇಳುವ ಹಣದ ಎದುರು ಅದೂ ಕಡಿಮೆಯೆಂದೇ ತೋರುತ್ತದೆ.

ಹಿರಿಯ ನಾಗರಿಕರ ರಿಯಾಯಿತಿ

2020ರ ಮಾರ್ಚ್‌ವರೆಗೆ 60 ವರ್ಷ ತುಂಬಿದ ಪುರುಷರಿಗೆ ಶೇ. 40, 58 ವರ್ಷ ತುಂಬಿದ ಮಹಿಳೆಯರಿಗೆ ಶೇ. 50 ರಿಯಾಯಿತಿ ಎಲ್ಲ ದರ್ಜೆಗಳಲ್ಲಿಯೂ ಇತ್ತು. ಮೂಲ ದರ ತಲಾ 1,000 ರೂಪಾಯಿ ಇದ್ದ ಪ್ರಯಾಣಕ್ಕೆ ವೃದ್ಧ ದಂಪತಿ 1,100 ರೂಪಾಯಿ ಕೊಡುತ್ತಿದ್ದರು; ಈಗ 2,000 ಕೊಡುತ್ತಾರೆ. ಕೋವಿಡ್ ಸಂದರ್ಭದಲ್ಲಿ ಅನಗತ್ಯ ಪ್ರಯಾಣವನ್ನು ತಡೆಯುವ ಉದ್ದೇಶದಿಂದ 2020ರ ಮಾರ್ಚ್ 20ರಂದು ಇದನ್ನು ನಿಲ್ಲಿಸಲಾಯಿತು. ಸೋಂಕು ಕಳೆದು ರೈಲುಗಳು ಮರಳಿದ ಮೇಲೂ ರಿಯಾಯಿತಿ ಮರಳಲಿಲ್ಲ. ಪ್ರತಿಯೊಬ್ಬ ಪ್ರಯಾಣಿಕನಿಗೂ ಈಗಾಗಲೇ ವೆಚ್ಚಕ್ಕಿಂತ ಕಡಿಮೆ ದರದಲ್ಲಿ ಸೇವೆ ಸಿಗುತ್ತಿದೆ ಎಂಬುದು ಸಂಸತ್ತಿನಲ್ಲಿ ರೈಲ್ವೆ ಸಚಿವಾಲಯ ನೀಡುತ್ತ ಬಂದಿರುವ ಉತ್ತರ. ಪಿಂಚಣಿಯೇ ಇಲ್ಲದ ವೃದ್ಧರಿಗೆ ಈ ಉತ್ತರದಿಂದ ಹೆಚ್ಚಿನ ಸಮಾಧಾನ ಸಿಗಲಾರದು. ಹಿರಿಯರಿಗೆ ಕೆಳಗಿನ ಮಲಗುವ ಆಸನ ಕೊಡುವ ಮೀಸಲಾತಿ ಮಾತ್ರ ಮುಂದುವರಿದಿದೆ.

ಮುಂದುವರಿದ ರಿಯಾಯಿತಿಗಳು

ಅಂಗವಿಕಲರ 4, ರೋಗಿಗಳ 11 ಮತ್ತು ವಿದ್ಯಾರ್ಥಿಗಳ 8 ವರ್ಗಗಳಿಗೆ ರಿಯಾಯಿತಿ ಇದೆ. ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಶೇ. 75 ಕಡಿತವಿದೆ. ಇದಕ್ಕೆ ಶಾಲೆ ಅಥವಾ ಕಾಲೇಜಿನ ಮುಖ್ಯಸ್ಥರು ಸಹಿ ಮಾಡಿದ ರಿಯಾಯಿತಿ ಪತ್ರವನ್ನು ನಿಲ್ದಾಣದ ಕೌಂಟರ್‌ನಲ್ಲಿ ಕೊಡಬೇಕು. ಆನ್‌ಲೈನ್‌ನಲ್ಲಿ ಮಾತ್ರ ಟಿಕೆಟ್ ಕೊಂಡು ರೂಢಿಯಾದ ವಿದ್ಯಾರ್ಥಿಗಳಿಗೆ ಇದು ತಿಳಿಯುವುದೇ ಇಲ್ಲ. ಗ್ರಾಮೀಣ ಸರ್ಕಾರಿ ಶಾಲೆಗಳ ಮಕ್ಕಳಿಗೆ ವರ್ಷಕ್ಕೊಮ್ಮೆ ಶೈಕ್ಷಣಿಕ ಪ್ರವಾಸಕ್ಕೆ ಶೇ. 75 ರಿಯಾಯಿತಿ ಉಂಟು. ಮನೆಯಿಂದ ಶಾಲೆಗೆ ಓಡಾಡಲು ಬಾಲಕರಿಗೆ ಹನ್ನೆರಡನೇ ತರಗತಿಯವರೆಗೆ, ಬಾಲಕಿಯರಿಗೆ ಪದವಿಯವರೆಗೆ ಎರಡನೇ ದರ್ಜೆಯ ಮಾಸಿಕ ಪಾಸ್ ಉಚಿತ.

ಕಡಿಮೆ ದರ ಪಡೆಯುವ ಮಾರ್ಗಗಳು

ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಹಬ್ಬದ ಟಿಕೆಟ್‌ಗಳಿಗೆ ಆ ಅರವತ್ತನೆಯ ದಿನದ ಬೆಳಿಗ್ಗೆ 8 ಗಂಟೆಯೇ ನಿರ್ಣಾಯಕ.

ಮಧ್ಯದ ನಿಲ್ದಾಣದಿಂದ ಹತ್ತುವವರಿಗೆ ಆಸನಗಳ ಪಾಲು ಕಡಿಮೆ ಇರುತ್ತದೆ. ಅಂಥವರು ರೈಲು ಹೊರಡುವ ನಿಲ್ದಾಣದಿಂದಲೇ ಟಿಕೆಟ್ ಪಡೆದು, ಹತ್ತುವ ನಿಲ್ದಾಣವನ್ನು ತಮ್ಮ ಊರಿಗೆ ಬದಲಿಸಿಕೊಳ್ಳಬಹುದು. ದೂರಕ್ಕೆ ದರ ಇಳಿಯುವ ಪದ್ಧತಿಯಿಂದಾಗಿ ಹೆಚ್ಚುವರಿ ದೂರಕ್ಕೆ ತೆರುವ ಹಣ ಹಲವು ವೇಳೆ ತತ್ಕಾಲ್ ಶುಲ್ಕಕ್ಕಿಂತ ಕಡಿಮೆ. ನಿಲ್ದಾಣ ಬದಲಿಸದೆ ಮುಂದೆ ಹತ್ತಿದರೆ ಆಸನ ಬೇರೆಯವರ ಪಾಲಾಗಬಹುದು.

ಕಾಯುವ ಪಟ್ಟಿಯಲ್ಲಿರುವವರು ಟಿಕೆಟ್ ಪಡೆಯುವಾಗಲೇ ವಿಕಲ್ಪ ಯೋಜನೆಯನ್ನು ಆರಿಸಿಕೊಂಡರೆ, ಅದೇ ಮಾರ್ಗದ ಬೇರೆ ರೈಲಿನಲ್ಲಿ ಹೆಚ್ಚುವರಿ ಹಣವಿಲ್ಲದೆ ಆಸನ ದೊರೆಯುವ ಸಾಧ್ಯತೆ ಇದೆ. ಮೊದಲ ಪ್ರಯಾಣಿಕರ ಪಟ್ಟಿ ಸಿದ್ಧವಾದ ಮೇಲೆ ಉಳಿದ ಆಸನಗಳಿಗೆ ಮೂಲ ದರದಲ್ಲಿ ಶೇ. 10 ಕಡಿತ 2017ರಿಂದ ಜಾರಿಯಲ್ಲಿದೆ. 2021ರಲ್ಲಿ ಬಂದ ಮೂರನೇ ಎ.ಸಿ. ಎಕಾನಮಿ ಬೋಗಿಗಳ ದರ ಸಾಮಾನ್ಯ ಮೂರನೇ ಎ.ಸಿ.ಗಿಂತ ತುಸು ಕಡಿಮೆ. ತುಮಕೂರು, ರಾಮನಗರ, ಮಂಡ್ಯಗಳಿಂದ ಬೆಂಗಳೂರಿಗೆ ದಿನವೂ ಬರುವ ನೌಕರರಿಗೆ ಮಾಸಿಕ ಪಾಸ್‌ಗೆ ಸಮನಾದ ಅಗ್ಗದ ದಾರಿ ಬೇರೆ ಇಲ್ಲ. ಬಿಡಿ ಟಿಕೆಟ್‌ಗಳ ವೆಚ್ಚದ ಅರ್ಧಕ್ಕೂ ಕಡಿಮೆ ಹಣದಲ್ಲಿ ತಿಂಗಳು ಕಳೆಯುತ್ತದೆ.

ಹಲವು ಊರುಗಳನ್ನು ನೋಡಿ ಹೊರಟಲ್ಲಿಗೇ ಮರಳುವವರಿಗೆ ವೃತ್ತಾಕಾರ ಪ್ರಯಾಣದ ಟಿಕೆಟ್ ಇದೆ. ಇಡೀ ಸುತ್ತನ್ನು ಒಂದೇ ದೂರವೆಂದು ಎಣಿಸುವುದರಿಂದ ದರ ಬಹಳ ಇಳಿಯುತ್ತದೆ; ದಾರಿಯಲ್ಲಿ ಎಂಟು ಕಡೆ ಇಳಿದು ತಂಗಬಹುದು. ಇದನ್ನು ಆನ್‌ಲೈನ್‌ನಲ್ಲಿ ಪಡೆಯಲಾಗದು. ಪ್ರಯಾಣದ ಮಾರ್ಗವನ್ನು ಬರೆದು ಮುಂಚಿತವಾಗಿಯೇ ದೊಡ್ಡ ನಿಲ್ದಾಣದ ಅಧಿಕಾರಿಗಳಿಗೆ ಸಲ್ಲಿಸಬೇಕು.