ದೃಷ್ಟಿನರದ ಪುನರ್ಜನನ: ಒಂದು ಚಾರಿತ್ರಿಕ ವಿಚಾರ

ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗವು ತೆರೆದುದು 1874ರಲ್ಲಿ. ಅಂದಿನಿಂದ ಚಿತ್ತಾಪುರ, ಸೇಡಂ ಪ್ರಾಂತದ ರೋಗಿಗಳಿಗೆ ಹೈದರಾಬಾದು ಸಮೀಪವಾಯಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ಸಂಪರ್ಕ ಕಡಿಯಲಿಲ್ಲ. 1987ರಲ್ಲಿ ಅಲ್ಲಿ ಎಲ್. ವಿ. ಪ್ರಸಾದ್ ನೇತ್ರಸಂಸ್ಥೆ ಸ್ಥಾಪಿತವಾದ ಬಳಿಕ ಕಣ್ಣಿನ ರೋಗಿಗಳಿಗೆ ಅತ್ತ ಹೋಗಲು ಮತ್ತೊಂದು ಕಾರಣ ದೊರೆಯಿತು.

ಪೊರೆ ಬಂದವರು ಶಸ್ತ್ರಚಿಕಿತ್ಸೆಯಿಂದ ಬೆಳಕನ್ನು ಪಡೆದು ಮರಳುತ್ತಾರೆ. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಪೊರೆ ತೆಗೆದುದನ್ನು ನಮ್ಮ ಹಿರಿಯರು ಬಲ್ಲರು. ಶಹಾಬಾದದ ಗಣಿಯಲ್ಲಿ ಕಲ್ಲಿನ ಚೂರು ಸಿಡಿದು ಕಣ್ಣಿನ ಮುಂಪಟಲ ಕೆಟ್ಟವನಿಗೂ ಬೇರೊಬ್ಬರ ಪಟಲವನ್ನು ಕಸಿ ಮಾಡಬಹುದು. ಆದರೆ ಗ್ಲಾಕೋಮಾದಿಂದಾಗಲಿ, ತಲೆಗೆ ಬಿದ್ದ ಪೆಟ್ಟಿನಿಂದಾಗಲಿ, ಕಳ್ಳಭಟ್ಟಿಯಲ್ಲಿ ಬೆರೆತ ಮೆಥನಾಲಿನಿಂದಾಗಲಿ ದೃಷ್ಟಿನರವೇ ನಶಿಸಿದರೆ, ಸೇಡಮಿನ ವೈದ್ಯನಂತೆಯೇ ಹೈದರಾಬಾದಿನ ವೈದ್ಯನೂ ನಿರುಪಾಯನು. ಹತ್ತು ಲಕ್ಷಕ್ಕೂ ಮಿಕ್ಕ ಎಳೆಗಳುಳ್ಳ ಈ ನರವು ವಸ್ತುತಃ ಮಿದುಳಿನ ಚಾಚು. ಕೈಕಾಲುಗಳ ನರದಂತೆ ಅದು ತಾನಾಗಿ ಕೂಡಿಕೊಳ್ಳದು.

ಕೂಡಿಕೊಳ್ಳಲಾರದೆಂಬ ಮತವು ಸಿದ್ಧಾಂತದ ಪದವಿಗೇರಿದ ಬಗೆ ಚರಿತ್ರೆಯ ವಿದ್ಯಾರ್ಥಿಗೆ ವಿಚಾರಾರ್ಹವಾದುದು. ಸ್ಪೇನಿನ ರಾಮೋನ್ ಇ ಕಹಾಲರು ಆ ಮತಕ್ಕೆ ತಮ್ಮ ಪ್ರಾಮಾಣ್ಯವನ್ನಿತ್ತರು. ಸೋಜಿಗವೆಂದರೆ, ಅದಕ್ಕೆ ಪ್ರತಿಕೂಲವಾದ ಸಾಕ್ಷ್ಯ ಹುಟ್ಟಿದುದೂ ಅವರ ಶಿಷ್ಯವರ್ಗದಲ್ಲಿಯೇ. 1911ರಲ್ಲಿ ತೆಯ್ಯೊ ಎಂಬವರು ಮೊಲದ ಕಡಿದ ದೃಷ್ಟಿನರಕ್ಕೆ ಕಾಲಿನ ನರದ ತುಂಡೊಂದನ್ನು ಜೋಡಿಸಲು, ಕೆಲವು ಎಳೆಗಳು ಅದರೊಳಗೆ ಬೆಳೆದುವು. ಅವು ಅಕ್ಷಿಪಟಲದಿಂದಲೇ ಬಂದುವೆಂದು ನಿಸ್ಸಂದೇಹವಾಗಿ ತೋರಿಸುವ ಸಾಧನ ಆಗ ಇರಲಿಲ್ಲ. ಇಷ್ಟರಿಂದಲೇ ಪ್ರಯೋಗವು ಎಪ್ಪತ್ತು ವರ್ಷ ಮೂಲೆಗುಂಪಾದುದು ನ್ಯಾಯವೆಂದು ನನಗೆ ತೋರುವುದಿಲ್ಲ.

ನಡುವೆ, 1940ರ ದಶಕದಲ್ಲಿ, ಅಮೆರಿಕದ ರೋಜರ್ ಸ್ಪೆರಿಯವರು ಕಪ್ಪೆಯ ದೃಷ್ಟಿನರವನ್ನು ಕತ್ತರಿಸಿ ಕಣ್ಣುಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿದರು. ನರ ಬೆಳೆಯಿತು, ದೃಷ್ಟಿ ಮರಳಿತು. ಆದರೆ ನೊಣ ಮೇಲಿದ್ದರೆ ಕಪ್ಪೆ ಕೆಳಕ್ಕೆ ನಾಲಗೆ ಚಾಚುತ್ತಿತ್ತು! ಎಳೆಗಳು ಮಿದುಳಿನಲ್ಲಿ ತಮ್ಮ ಹಳೆಯ ನೆಲೆಗಳನ್ನೇ ಹುಡುಕಿಕೊಂಡಿದ್ದುವು. ಕಪ್ಪೆಗೆ ಸಾಧ್ಯವಾದುದು ಸಸ್ತನಿಗಳಿಗೆ ಏಕಿಲ್ಲವೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

1980ರ ದಶಕದಲ್ಲಿ ಕೆನಡಾದ ಮಾಂಟ್ರಿಯಲಿನಲ್ಲಿ ಆಲ್ಬರ್ಟ್ ಆಗ್ವಾಯೊ ಮತ್ತು ಅವರ ಸಂಗಡಿಗರು ತೆಯ್ಯೊರ ದಾರಿಯನ್ನೇ ಹಿಡಿದರು. ಎಳೆಯ ಮೂಲವನ್ನು ಗುರುತಿಸುವ ದ್ರವ್ಯಗಳು ಅಷ್ಟು ಹೊತ್ತಿಗೆ ಕೈಗೆ ಬಂದಿದ್ದುವು. ಬೆಳೆದ ಇಲಿಗಳಲ್ಲಿ ಅಕ್ಷಿಪಟಲದ ಎಳೆಗಳು ಕಸಿಯ ನರದ ಮೂಲಕ ಮಿದುಳನ್ನು ಮುಟ್ಟಿದುದು 1987ರಲ್ಲಿ ಪ್ರಕಟವಾಯಿತು. ಕೋಶಕ್ಕೆ ಬೆಳೆಯುವ ಶಕ್ತಿ ಪೂರ್ತಿ ಅಳಿದಿಲ್ಲ, ಸುತ್ತಲಿನ ಪರಿಸರ ಅದನ್ನು ತಡೆಯುತ್ತದೆ ಎಂಬುದು ಇದರ ತಾತ್ಪರ್ಯ. ಆದರೆ ಪರಿಸರವನ್ನೇ ಪೂರ್ಣವಾಗಿ ದೂರುವಂತಿಲ್ಲ. 2008ರಲ್ಲಿ ಬಾಸ್ಟನ್ನಿನ ಸಂಶೋಧಕರು ಚಿಟ್ಟಿಲಿಯ ಅಕ್ಷಿಪಟಲದ ಕೋಶಗಳಿಂದ ಪಿಟೆನ್ ಎಂಬ, ಬೆಳವಣಿಗೆಗೆ ಕಡಿವಾಣ ಹಾಕುವ ಜೀನನ್ನು ತೆಗೆದಾಗ, ಜಜ್ಜಿದ ನರದಲ್ಲಿ ಕಸಿಯಿಲ್ಲದೆಯೇ ಎಳೆಗಳು ಮುಂದೆ ಸಾಗಿದುವು.

ಚಿಟ್ಟಿಲಿಯ ದೃಷ್ಟಿನರದ ಉದ್ದ ಕೆಲವೇ ಮಿಲಿಮೀಟರು; ಮನುಷ್ಯನದು 4–5 ಸೆಂಟಿಮೀಟರು, ಅದರಾಚೆಗೆ ಮಿದುಳಿನೊಳಗಣ ದಾರಿ ಬೇರೆ. ಆ ದೂರವನ್ನು ದಾಟಿಸಿ ಕುರುಡನಿಗೆ ನೋಟವನ್ನು ಮರಳಿಸಿಕೊಡುವ ಪ್ರಮಾಣಸಿದ್ಧ ಚಿಕಿತ್ಸೆ ಇನ್ನೂ ಯಾವ ದೇಶದಲ್ಲಿಯೂ ಇಲ್ಲ.